ಗಾಲಿಗೆ ಕೊಟ್ಟ ಕಲ್ಲು

"ಆ ಟೀಚರಮ್ಮ ಗಾಳಿ ಬೀಸಿದ್ರೂ, ಇದನ್ನ ಯಾರು ಕಳಿಸ್ಯಾರ ಅಂತ ಕೇಳ್ತಾಳ ನೋಡವ್ವಾ," ಎಂದು ಕೊಟ್ಟೂರಿನ ಆ ಓಣಿಯವರು ಆಡಿಕೊಳ್ಳುತ್ತಿದ್ದರು. ಅನ್ನದಾನಮ್ಮ ಟೀಚರದು ಸಂಶಯದ ಸ್ವಭಾವ ಎಂಬುದು ಸುಳ್ಳಲ್ಲ. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವರು. ಬೀಗ ಹಾಕಿ ಜಗ್ಗುವರು, ಓಣಿಯ ತುದಿಗೆ ಹೋದವರು ತಿರುಗಿ ಬಂದು ಮತ್ತೆ ಜಗ್ಗುವರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗಲೂ ಅದೇ ಗುಣ. ಬೋರ್ಡಿನ ಮೇಲೆ ಒಂದು ಡಬ್ಬಿ ಬರೆದು, ಅದರ ಮೇಲಿನ ಬಲಗಳಿಗೆಲ್ಲ ಬಾಣ ಎಳೆಯಿರಿ ಎನ್ನುವರು. ಯಾರಾದರೂ ಒಂದು ಬಾಣ ಹೆಚ್ಚಿಗೆ ಎಳೆದರೋ, "ಇದು ಯಾರದು? ತಳ್ಳಿದವರ ಹೆಸರು ಹೇಳು. ಹೆಸರಿಲ್ಲದ ಬಾಣ ಬ್ಯಾಡ, ಒರಸು!"

ನಿವೃತ್ತಿಯ ನಂತರ ಒಂದು ವರ್ಷ, ಆಯುಧಪೂಜೆಯ ಮರುದಿನ ಓಣಿಯಲ್ಲಿ ಗದ್ದಲವೆದ್ದಿತು. ಎದುರುಮನೆಯ ಮೆಕ್ಕೆಜೋಳದ ವ್ಯಾಪಾರಿ ಗುರುಸಂಗಪ್ಪನ, ಟ್ರ್ಯಾಕ್ಟರಿನಿಂದ ಬಿಚ್ಚಿಟ್ಟ ಟ್ರೇಲರು ಇಳಿಜಾರಿನಲ್ಲಿ ನಿಂತಿತ್ತು. ಹಮಾಲರು ಮೂಟೆ ಹೇರುತ್ತಿದ್ದಂತೆ ಅದು ತಾನೇ ಉರುಳಿ ಅವನದೇ ಗೋಡೆ ಕೆಡವಿತು.

"ಕಣ್ಣಾರೆ ಕಂಡೀನಿ! ಅಂಜಿನಿ ಎರಡೂ ಕೈ ಟ್ರೇಲರಿಗೆ ಕೊಟ್ಟಿದ್ದ. ಹಬ್ಬಕ್ಕ ರಜಾ ಕೊಡಲಿಲ್ಲಂತ ಸೇಡಿಗೆ ತಳ್ಳ್ಯಾನ. ನಾಳಿಂದ ಕೆಲಸಕ್ಕ ಬರಬ್ಯಾಡಲೇ!" ಎಂದು ಗುರುಸಂಗಪ್ಪ ಕೂಗಾಡಿದ.

ಡ್ರೈವರ್ ಅಂಜಿನಿಯ ಮುಖ ಸುಣ್ಣವಾಯಿತು. ಈ ಮಾತು ಹಬ್ಬಿದರೆ ಹಗರಿಬೊಮ್ಮನಹಳ್ಳಿಯವರೆಗೂ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡರು.

ಟೀಚರಿಗೂ ಮೊದಲು ಅವನ ಮೇಲೇ ಅನುಮಾನ. ಸೀಮೆಸುಣ್ಣ ಹಿಡಿದು ಬಂದು, ಮುರಿಯದೆ ಉಳಿದ ಗೋಡೆಯ ಮೇಲೆ ಓರೆಗೆರೆ ಎಳೆದು ಡಬ್ಬಿ ಕೂರಿಸಿದರು.

"ಭೂಮಿ ಕೆಳಗ ಎಳೀತೈತಿ, ಇದೊಂದು ಬಾಣ. ರಸ್ತಿ ಎದುರು ಒತ್ತತೈತಿ, ಇದೊಂದು. ಗುರುಸಂಗಪ್ನೋರ, ಇವ ಯಾವ ಕಡಿ ನಿಂತಿದ್ದ?"

"ತಗ್ಗಿನ ಕಡಿ."

"ತಗ್ಗಿನ ಕಡಿ ನಿಂತು ಕೈ ಕೊಟ್ರ ಟ್ರೇಲರು ದಿಬ್ಬ ಹತ್ತಬೇಕು, ನಿಮ್ಮ ಗ್ವಾಡಿಗೆ ಬರಂಗಿಲ್ಲ. ಇವನ ಬಾಣ ಮ್ಯಾಲಕ್ಕ ಐತಿ. ತಡ್ಯಾಕ ಹೋಗ್ಯಾನ."

"ಹಂಗಾರ ತಳ್ಳಿದ್ಯಾರು?"

"ಯಾರೂ ಇಲ್ಲ. ಭೂಮಿ ಎಳಿಯೋದು ಇದ್ದೇ ಐತಿ. ನಿನ್ನೆಯಿಂದ ತಡದಿದ್ದ ಬಾಣ ಎಲ್ಲಿ ಹೋತು, ಅದನ್ನ ಹುಡುಕ್ರಿ."

"ಗಾಲಿಗೆ ಕಲ್ಲು ಕೊಟ್ಟಿದ್ನಿರಿ ಟೀಚರಮ್ಮ, ನನ್ನ ಆಣಿಗೂ!" ಅಂದ ಅಂಜಿನಿ. "ನಿನ್ನೆ ಪೂಜಿ ಮಾಡುವಾಗ ಅದಕ್ಕೂ ಕುಂಕುಮ ಹಚ್ಚೀನಿ."

ಟೀಚರ ಕಣ್ಣು ಒಬ್ಬೊಬ್ಬರ ಮುಖವನ್ನೂ ತಡವಿ, ಕಡೆಗೆ ಬೇವಿನ ಕಟ್ಟೆಗೆ ಹೋಯಿತು. ಅಲ್ಲಿನ ದೇವರ ಕಲ್ಲುಗಳ ಸಾಲಿನ ತುದಿಗೆ ಹೊಸದೊಂದು ಕೂತಿತ್ತು; ಮುಂದೆ ಊದುಬತ್ತಿಯ ಬೂದಿ. ಗುಂಪಿನ ಹಿಂದೆ ಕುರಿ ಕಾಯುವ ಭರಮಮ್ಮ ಸೆರಗು ಕಚ್ಚಿಕೊಂಡು ನಿಂತಿದ್ದಳು.

"ಭರಮವ್ವಾ, ಈ ದೇವರು ಯಾವಾಗ ಬಂತಬೇ?"

"ಮುಂಜಾನಿ ರೀ... ಕುಂಕುಮದ ದೇವರು ಗಾಲಿ ಬುಡಕ ಧೂಳಾಗ ಬಿದ್ದಿತ್ರಿ. ನೋಡಾಕ ಆಗ್ಲಿಲ್ಲ. ಎತ್ತಿ ಕಟ್ಟಿ ಮ್ಯಾಲೆ ಕುಂದ್ರಿಸಿನಿ."

ಆಗ ಟ್ರೇಲರು ಖಾಲಿ. ಗಾಲಿ ಸಣ್ಣ ಕುಣಿಯಲ್ಲಿ ಕೂತಿದ್ದರಿಂದ ಕದಲಿರಲಿಲ್ಲ. ಮೂಟೆ ಎತ್ತಿ ಹಾಕಿದ ಕುಲುಕಿಗೆ ಕುಣಿ ದಾಟಿತ್ತು.

ಗುರುಸಂಗಪ್ಪ ಬೈಯಲು ಬಾಯಿ ತೆರೆದವನು ಕಲ್ಲಿನ ಕಡೆ ನೋಡಿ ಮುಚ್ಚಿದ. ಅಷ್ಟು ಹೊತ್ತಿಗೆ ಯಾರೋ ಅದಕ್ಕೆ ಕಾಯಿ ಒಡೆದಿದ್ದರು. "ನಾಳಿ ಲಗೂನ ಬಾರಲೇ," ಎಂದು ಅಂಜಿನಿಗೆ ಹೇಳಿ, ಅವನ ಮುಖ ನೋಡದೆ ಒಳಗೆ ಹೋದ.

ಕಳೆದ ಬೇಸಿಗೆಯಲ್ಲಿ ಟೀಚರಿಗೆ ಮೊಣಕಾಲು ಸೋತವು. ಮನೆ ಮಾರಿ ಹರಪನಹಳ್ಳಿಯ ತಂಗಿಯ ಹತ್ತಿರ ಹೊರಟರು. ಸಾಮಾನು ಹೇರಲು ಬಂದು ನಿಂತದ್ದು ಅಂಜಿನಿಯ ಟ್ರೇಲರೇ.

"ಗಾಲಿಗೆ ಕಲ್ಲು ಕೊಟ್ಟೀಯೇನೋ?"

"ಕೊಟ್ಟೀನ್ರಿ."

"ಕುಂಕುಮ?"

"ಅವತ್ತಿಂದ ಹಚ್ಚಿಲ್ರಿ ಟೀಚರಮ್ಮ."

ಅವರಿಗೆ ನಂಬಿಕೆ ಬರಲಿಲ್ಲ. ಟ್ರೇಲರಿನ ಪಕ್ಕ ಹಿಡಿದು, ನೋಯುವ ಮೊಣಕಾಲು ಮಡಿಸಿ, ಬಗ್ಗಿ ಗಾಲಿಯ ಬುಡ ನೋಡಿದರು. ಬರೀ ಕರಿಕಲ್ಲು. ಆಮೇಲೆ ಬಾಗಿಲಿಗೆ ಬೀಗ ಹಾಕಿ ಜಗ್ಗಿದರು, ಮೆಟ್ಟಿಲಿಳಿದರು, ತಿರುಗಿ ಹತ್ತಿ ಇನ್ನೊಮ್ಮೆ ಜಗ್ಗಿದರು. ಬೀಗದ ಕೈಯನ್ನು ಭರಮಮ್ಮನ ಅಂಗೈಗೆ ಹಾಕಿ, "ಹೊಸಬರು ಬಂದ್ರ ಕೊಡು, ಯಾರಂತ ಕೇಳಿ ಕೊಡು," ಎಂದು ಟ್ರ್ಯಾಕ್ಟರಿನ ಕಡೆ ನಡೆದರು.