ಕೆರೆಗೆ ಬಿಟ್ಟ ಅಥೀನಾ

ಬೆಲ್ಲ ಹಳೆಯ ಪುಸ್ತಕದ ಹಾಳೆಯಲ್ಲಿ ಸುತ್ತಿಕೊಂಡು ಮನೆಗೆ ಬರುತ್ತಿದ್ದ ಕಾಲ ಅದು. ಮನುಷ್ಯ ಆಕಾಶಕ್ಕೆ ಹೋಗಿ ಬಂದನಂತೆ ಎಂದು ಮೂಡುಬಿದಿರೆಯ ಪೇಟೆಯೆಲ್ಲ ಮಾತಾಡುತ್ತಿದ್ದ ಬೇಸಿಗೆ. ನನಗೆ ಹನ್ನೊಂದಿರಬೇಕು. ಒಂಬತ್ತು ಎನ್ನುತ್ತಾಳೆ ತಂಗಿ. ಅವಳು ಹೇಳುವುದು ಸರಿಯಾದರೆ ನಾನು ಆ ಪುಸ್ತಕದ ಇಂಗ್ಲಿಷನ್ನು ಓದಿದ್ದು ಸುಳ್ಳು, ಚಿತ್ರ ನೋಡಿ ಕಥೆ ಕಟ್ಟಿದ್ದು ನಿಜ.

ಅದು ಬೆಲ್ಲದ ಅಂಗಡಿಯವರು ರದ್ದಿಯಿಂದ ತೆಗೆದುಕೊಟ್ಟ ಚಿತ್ರಕಥೆ. ಅಥೀನಾ ಎಂಬ ಗ್ರೀಕರ ದೇವತೆ, ಭೂಮಿಯವರೆಲ್ಲ ಮರೆತುಬಿಟ್ಟದ್ದರಿಂದ, ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗು ಓಡಿಸಿಕೊಂಡು ಅಲೆಯುತ್ತಾಳೆ. ಹೆಗಲ ಮೇಲೆ ಕಬ್ಬಿಣದ ಗೂಬೆ, ಕೈಯಲ್ಲಿ ಬೆಳಕು ಕಾರುವ ಈಟಿ. ಅವಳಿಗೆ ಮರಳುವ ದಾರಿ ಸಿಕ್ಕಿತೇ ಎಂಬುದು ಕೊನೆಯ ನಾಲ್ಕು ಪುಟಗಳಲ್ಲಿತ್ತು. ಅವು ಬೆಲ್ಲ ತಾಗಿ ಒಂದಕ್ಕೊಂದು ಅಂಟಿಹೋಗಿದ್ದವು.

ಬಿಡಿಸಲೆಂದು ಗಂಜಿಯ ಹಬೆಗೆ ಹಿಡಿದಿದ್ದೆ. ಅಮ್ಮ ಹಿಂದಿನಿಂದ ಬಂದವಳು ಕಿತ್ತುಕೊಂಡಳು.

"ಗೂಬೆಯ ಚಿತ್ರ ಮನೆಯೊಳಗೆ! ಬಚ್ಚಲೊಲೆಗೆ ಹಾಕ್ತೇನೆ ನೋಡು."

"ಸುಡಬೇಡ ಅಮ್ಮಾ, ಅದು ದೇವತೆ!"

ಬಾಯಿಗೆ ಬಂದದ್ದು ಹೇಳಿದೆ. ಅಮ್ಮನ ಕೈ ಅಲ್ಲೇ ನಿಂತಿತು. ಪುಸ್ತಕ ಜಗಲಿಯಲ್ಲಿದ್ದ ಅಜ್ಜನ ಬಳಿಗೆ ಹೋಯಿತು. ಬಸದಿಗೆ ಬಂದವರಿಗೆ ಬಿಂಬಗಳ ಗುರುತು ಹೇಳುತ್ತಿದ್ದವರು ಅಜ್ಜ. ತೀರ್ಥಂಕರರ ಮುಖ ಎಲ್ಲ ಒಂದೇ, ಪೀಠ ನೋಡಬೇಕು. ಆನೆಯಿದ್ದರೆ ಅಜಿತನಾಥ, ಕುದುರೆಯಿದ್ದರೆ ಸಂಭವನಾಥ.

"ಇವಳ ಲಾಂಛನ ಯಾವುದು ಮಾರಾಯ್ತಿ?"

"ಗೂಬೆ, ಅಜ್ಜ."

"ಅದಕ್ಕೇನು, ಅದೂ ಒಂದು ಜೀವ. ಈ ಈಟಿ? ಕೊಲ್ತಾಳಾ?"

"ಇಲ್ಲ. ಅದರಲ್ಲಿ ದಾರಿ ತೋರಿಸ್ತಾಳೆ."

ಆರನೇ ಪುಟದಲ್ಲೇ ಅವಳು ಮೂರು ಹಡಗು ಸುಟ್ಟಿದ್ದಳು. ಅಜ್ಜ ಆ ಪುಟ ತೆರೆಯಲಿಲ್ಲ, ಪುಣ್ಯ.

"ದೇವತೆಯೇ. ಸುಡುವುದು ಬೇಡ" ಎಂದರು. ನಾನು ಕೈ ಚಾಚಿದೆ. ಅಷ್ಟರಲ್ಲಿ ಅವರು ಮುಖಪುಟವನ್ನು ಬೆಳಕಿಗೆ ಹಿಡಿದರು. ಅವಳ ಕೆನ್ನೆಯಿಂದ ಭುಜದವರೆಗೆ ಕಾಗದ ಹರಿದಿತ್ತು.

"ಛೆ, ಭಿನ್ನ ಆಗಿದೆ. ಭಿನ್ನವಾದದ್ದು ಮನೆಯಲ್ಲಿ ಇಡಬಾರದು. ನಡಿ, ಕೆರೆಗೆ ಬಿಡುವ."

ದೇವತೆ ಎಂದರೆ ಕೆರೆ, ಬರೀ ಕಥೆ ಎಂದರೆ ಒಲೆ. ದಾರಿಯುದ್ದಕ್ಕೂ ಮೂರನೆಯ ಉತ್ತರ ಹುಡುಕಿದೆ, ಸಿಗಲಿಲ್ಲ. ಅಜ್ಜ ಪುಸ್ತಕವನ್ನು ಬಾಳೆನಾರಿನಿಂದ ಕಲ್ಲಿಗೆ ಕಟ್ಟಿ ಮೆಲ್ಲಗೆ ನೀರಿಗಿಳಿಸಿದರು. ಬೆಲ್ಲದ ವಾಸನೆಗೆ ಸಣ್ಣ ಮೀನುಗಳು ಮುತ್ತಿದವು.

"ಹೆಸರೇನು ಇವಳದ್ದು?"

"ಅಥೀನಾ."

"ಅಥೀನಾದೇವಿ, ತಪ್ಪಾಗಿದ್ದರೆ ಕ್ಷಮಿಸು ತಾಯಿ" ಎಂದು ಅವರು ಕಣ್ಣು ಮುಚ್ಚಿ ಕೈ ಮುಗಿದರು. ನಾನೂ ಮುಗಿದೆ. ಅತ್ತೆನಂತೆ, ತಂಗಿ ಹಾಗೆನ್ನುತ್ತಾಳೆ. ಅವಳು ಕೆರೆಗೆ ಬಂದಿರಲೇ ಇಲ್ಲ.

ಆ ಕಥೆಗೆ ನಾನು ಕಟ್ಟಿದ ಕೊನೆಗಳು ಈಗ ಎಷ್ಟೋ. ಒಂದರಲ್ಲಿ ಅವಳು ಮೂಡುಬಿದಿರೆಯಲ್ಲೇ ಇಳಿಯುತ್ತಾಳೆ. ಪುಟಗಳಿಗಾಗಿ ಈಗ ದುಃಖವಿಲ್ಲ. ಕೆರೆಯ ಮೆಟ್ಟಿಲಲ್ಲಿ "ಅಜ್ಜ, ಇದು ಬರೀ ಕಥೆ, ನಾಲ್ಕು ಪುಟ ಓದಲಿಕ್ಕೆ ಉಂಟು" ಎಂದಿದ್ದರೆ? ಬೈಯುತ್ತಿದ್ದರೇನೋ. ಅಥವಾ ಕಲ್ಲು ಬಿಚ್ಚಿ, "ಕೂತು ಓದು, ನನಗೂ ಹೇಳು" ಎನ್ನುತ್ತಿದ್ದರೇನೋ. ಗುರುತಿಲ್ಲದವಳಲ್ಲಿ ಕ್ಷಮೆ ಕೇಳಿದ ಮನುಷ್ಯ. ಹಾಗೆ ಎನ್ನುವವರೂ ಆಗಿದ್ದರು. ನಾನು ಹೇಳಿ ನೋಡಲಿಲ್ಲ. ಅವರಿದ್ದಷ್ಟು ವರ್ಷವೂ ಹೇಳಲಿಲ್ಲ.