ವಾಲಗದವನ ಫೋಟೋ ಹುಡುಕಿದ್ದು

ಆಗ ನನಗೆ ಅರವತ್ತೆಂಟು. ಈಗ್ಗೆ ಮೂರು ವರ್ಷವಾಯಿತು. ಹೊಳೆನರಸೀಪುರದ ನಮ್ಮ ಫೋಟೋ ಸ್ಟುಡಿಯೋವನ್ನು ಸೊಸೆ ನೋಡಿಕೊಳ್ಳುತ್ತಿದ್ದಳು. ಮೊದಲು ನಡೆಸಿದವರು ತೀರಿಹೋದ ನಮ್ಮ ಯಜಮಾನರು. ಅವರು ಮದುವೆಗಳಲ್ಲಿ ಫೋಟೋ ತೆಗೆಯುವಾಗ ಪಕ್ಕದಲ್ಲಿ ಲೈಟು ಹಿಡಿದು ನಿಂತವಳು ನಾನು, ಮೂವತ್ತು ವರ್ಷ. ಓದಿದ್ದು ಮೂರನೇ ಕ್ಲಾಸು. ಊರಿನ ಹೆಸರು ಕೂಡಿಸಿಕೊಂಡು ಓದುತ್ತೇನೆ, ಅಷ್ಟೇ.

ಒಂದು ಮಧ್ಯಾಹ್ನ ಅರಕಲಗೂಡಿನ ಕಡೆಯ ಹೆಂಗಸೊಬ್ಬಳು ಬಂದಳು. ಮದುವೆಗಳಿಗೆ ವಾಲಗ ಊದುತ್ತಿದ್ದ ಅವಳ ಅಪ್ಪ ತೀರಿಕೊಂಡಿದ್ದ. ನಾಳಿದ್ದು ತಿಥಿ. ಮುಂದಿಟ್ಟು ಪೂಜೆ ಮಾಡಲು ಒಂದು ಫೋಟೋ ಇಲ್ಲ. ಆಧಾರ್ ಕಾರ್ಡಿನಲ್ಲಿದ್ದದ್ದನ್ನು ನೋಡಿದರೆ ಅವನೇ ಗುರುತು ಹಿಡಿಯುತ್ತಿರಲಿಲ್ಲ. ಅಷ್ಟೊಂದು ಮದುವೆಗೆ ಊದಿದವನು ಯಾವುದರಲ್ಲಾದರೂ ಸಿಕ್ಕಿರಬೇಕು ಎಂದು ಅವಳ ಆಸೆ.

ಸೊಸೆ ಕಂಪ್ಯೂಟರಿನಲ್ಲಿ ಫೋಟೋ ಜೋಡಿಸಿಡುವ ಸಾಫ್ಟ್‌ವೇರ್ ತೆರೆದಳು. ಚಿಕ್ಕ ಚಿಕ್ಕ ಚಿತ್ರಗಳು ಸಾಲಾಗಿ ಬಂದವು. ಕತ್ತು ನೋಯುವಷ್ಟು ಹೊತ್ತು ನೋಡಿದ ಮೇಲೆ, ಮದುವೆಗಳಲ್ಲಿ ಕಂಡು ಗೊತ್ತಿದ್ದ ಆ ವಾಲಗದವನು ನನ್ನ ಕಣ್ಣಿಗೇ ಬಿದ್ದ. ವಾಲಗವನ್ನು ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದ. ಸೊಸೆ ಒತ್ತಿದಳು. ಮೂಲೆಯಲ್ಲಿ ಪ್ರಶ್ನೆ ಗುರುತು ಬಂತು, ಫೈಲ್ ಸಿಗುತ್ತಿಲ್ಲ ಅಂದಿತು. ಹೆಬ್ಬೆರಳು ಗಾತ್ರದ ಆ ಚಿತ್ರವನ್ನೇ ಹಿಗ್ಗಿಸಿದರೆ ಮುಖವೆಲ್ಲ ಕಲಸಿದ ಹಿಟ್ಟು.

ತಪ್ಪು ಸೊಸೆಯದೇ. ಯಜಮಾನರು ಪ್ರತಿ ಮದುವೆಯ ಫೋಲ್ಡರಿಗೂ ಹೆಣ್ಣಿನ ಊರಿನ ಹೆಸರಿಟ್ಟಿದ್ದರು. ಇವಳು ಹೊಸ ಡಿಸ್ಕಿಗೆ ತುಂಬುವಾಗ, ಮದುವೆಯಾದ ಮೇಲೆ ಹೆಣ್ಣು ಗಂಡನ ಊರಿನವಳಲ್ಲವೇ ಎಂದು ಲಗ್ನಪತ್ರಿಕೆ ನೋಡಿ ನೋಡಿ ಎಲ್ಲಕ್ಕೂ ಗಂಡಿನ ಊರು ಬರೆದಿದ್ದಳು. ಪತ್ರಿಕೆಗಳನ್ನು ಆಮೇಲೆ ನೀರೊಲೆಗೆ ಹಾಕಿದ್ದಳು. ಸಾಫ್ಟ್‌ವೇರ್ ಮಾತ್ರ ಹಳೆ ಹೆಸರನ್ನೇ ಹುಡುಕುತ್ತಿತ್ತು. ಈ ಫೋಟೋ ಗೊರೂರು ಅನ್ನುವ ಫೋಲ್ಡರಿನದು ಎಂದು ತೋರಿಸಿತು. ಗೊರೂರಿನ ಹೆಣ್ಣನ್ನು ಕೊಟ್ಟಿದ್ದು ಯಾವ ಊರಿಗೆ?

ಫೋಟೋಗಳ ನಂಬರು ಪ್ರತಿ ಮದುವೆಗೂ ಒಂದರಿಂದಲೇ ಶುರು, ಹಾಗಾಗಿ ಅದೇ ನಂಬರಿನ ಫೋಟೋ ಎಲ್ಲ ಫೋಲ್ಡರಿನಲ್ಲೂ ಇತ್ತು. ಸೊಸೆ ಅಂದಾಜಿನ ಮೇಲೆ ಸಾಫ್ಟ್‌ವೇರಿಗೆ ಒಂದೊಂದು ಫೋಲ್ಡರು ತೋರಿಸಿದಳು. ವಾಲಗದವನ ಜಾಗದಲ್ಲಿ ಒಮ್ಮೆ ಹೋಳಿಗೆ ರಾಶಿ ಬಂತು, ಒಮ್ಮೆ ಯಾರದೋ ಮಾವ ಬಂದ. ಬಂದ ಹೆಂಗಸು ಸೆರಗಿನ ತುದಿ ಹಿಂಡುತ್ತಾ ಕೂತಿದ್ದಳು.

ನಾನು ಅಕ್ಕಪಕ್ಕದ ಚಿತ್ರಗಳನ್ನು ನೋಡಿದೆ. ಮದುಮಗಳ ಗುರುತು ಸಿಕ್ಕಿತು. ಪಾಯಸ ತೆಳ್ಳಗಾಯಿತೆಂದು ಗಂಡಿನ ಕಡೆಯವರು ಮುನಿಸಿಕೊಂಡು ಚಪ್ಪರದ ಹೊರಗೆ ಕೂತ ಮದುವೆ ಅದು. ಅವರು ಸಮಾಧಾನವಾಗುವ ತನಕ ವಾಲಗ ನಿಂತಿತ್ತು. ಸುಮ್ಮನೆ ಕೂತವನ ಫೋಟೋ ಯಜಮಾನರು ತೆಗೆದರು, ನಾನು ಲೈಟು ಹಿಡಿದೆ.

"ದಂಡಿಗನಹಳ್ಳಿಯೋರು ಕಣವ್ವಾ, ಚನ್ನರಾಯಪಟ್ಣದ ಕಡೆಯೋರು. ತೆಗಿ ಅದ್ನ," ಅಂದೆ.

"ಕಂಪ್ಯೂಟ್ರಿಗೇ ಗೊತ್ತಾಯ್ತಿಲ್ಲ ಅತ್ತೆ, ನಿಮ್ಗೆಂಗೆ ಗೊತ್ತು?"

"ಕಂಪ್ಯೂಟ್ರು ಮದ್ವೆಗೆ ಓಗಿತ್ತಾ? ನಾನ್ ಓಗಿದ್ದೆ."

ಸೊಸೆ ದಂಡಿಗನಹಳ್ಳಿ ಫೋಲ್ಡರು ತೋರಿಸಿದಳು. ಬಂದ. ಪರದೆ ತುಂಬ ಅವನೇ, ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗೆ. ಅದರ ಹಿಂದೆಯೇ ಆ ಮದುವೆಯ ಮಿಕ್ಕ ಫೋಟೋಗಳೂ ತಾವಾಗಿ ಕೂಡಿಕೊಂಡವು, ಪ್ರಶ್ನೆ ಗುರುತುಗಳೆಲ್ಲ ಹೋದವು.

"ನಮ್ಮಪ್ಪ ಇಂಗೇ ನಗ್ತಿದ್ದುದ್ದು," ಅಂದಳು ಆ ಹೆಂಗಸು. ಎದ್ದು ಸೊಸೆಗೆ ಕೈ ಮುಗಿದಳು. ಹುಡುಕಿದ್ದು ನಾನು ಅಂದೆ. ಹೇಳದೆ ಇದ್ದರೆ ಯಾರಿಗೆ ಗೊತ್ತಾಗುತ್ತದೆ? ಆಮೇಲೆ ನನಗೂ ಮುಗಿದಳು.

ಪೂಜೆಗೆ ಇಡುವಷ್ಟು ದೊಡ್ಡ ಪ್ರಿಂಟು ಹಾಕುವುದು ಹಾಸನದಲ್ಲಿ. ಸೊಸೆ ಯಾರ ಕೈಲಾದರೂ ಕಳಿಸೋಣ ಅಂದಳು. ನಾನು ಒಪ್ಪಲಿಲ್ಲ. ಮಾರನೇ ಬೆಳಗ್ಗೆ ಪೆನ್‌ಡ್ರೈವನ್ನು ಎಲೆಯಡಿಕೆ ಚೀಲಕ್ಕೆ ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಹಾಸನದ ಮೊದಲನೇ ಬಸ್ಸು ಹತ್ತಿದೆ.