ಮಗಳು ಕುಡಿದ ಇದ್ದಿಲ ನೀರು

ಮಗಳ ನಾಲಿಗೆಗೆ ಗುಲಾಬಿ ಬಣ್ಣ ಹತ್ತಿತ್ತು. ಮೊದಲು ಕಂಡಿದ್ದು ಅದೇ.

ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಾಣಸವಾಡಿಯ ನಮ್ಮ ವಠಾರಕ್ಕೆ ಆಗಷ್ಟೇ ಬಂದಿದ್ದೆ. ಮೂರು ವರ್ಷದ ಭೂಮಿಕಾಳನ್ನು ಹಗಲೆಲ್ಲ ನೋಡಿಕೊಳ್ಳುವುದು ಪಕ್ಕದ ಮನೆಯ ಸೆಲ್ವಿ. ಅವಳಿಂದ ಮಗುವನ್ನು ಕರೆತಂದು ಕೈಕಾಲು ತೊಳೆದುಕೊಳ್ಳಲು ಹೋದೆ. ಅಷ್ಟರಲ್ಲಿ ಮಗು, ಊರಿಂದ ಬಂದುಹೋದ ಅತ್ತೆ ಬಿಟ್ಟುಹೋಗಿದ್ದ ಗುಲಾಬಿ ಬಣ್ಣದ ಬಿ.ಪಿ. ಮಾತ್ರೆಗಳನ್ನು ಮಿಠಾಯಿಯಂತೆ ತಿಂದಿತ್ತು. ಸ್ಟ್ರಿಪ್ ಖಾಲಿ.

ನನ್ನ ಚೀರಾಟಕ್ಕೆ ಸೆಲ್ವಿ ಓಡಿಬಂದಳು. ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ. ನಾವಿಬ್ಬರೇ ಆಟೋ ಹತ್ತಿ ಶಿವಾಜಿನಗರದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಮಗು ಸೆಲ್ವಿಯ ತೊಡೆಯ ಮೇಲೇ ಇತ್ತು. ಅಂಥ ಹೊತ್ತಿನಲ್ಲೂ ನನಗದು ಚುಚ್ಚಿತು. ಹಗಲೆಲ್ಲ ಇವಳದೇ, ಈಗಲಾದರೂ ನನಗೆ ಕೊಡಬಾರದೇ?

ಕ್ಯಾಶುವಾಲ್ಟಿಯಲ್ಲಿ ಡಾಕ್ಟರು ಸ್ಟ್ರಿಪ್ ನೋಡಿದರು, ಪಲ್ಸ್ ಹಿಡಿದರು. ನರ್ಸು ಒಂದು ಲೋಟ ಕಪ್ಪು ನೀರು ತಂದಳು.

"ಆಕ್ಟಿವೇಟೆಡ್ ಚಾರ್ಕೋಲ್. ಇದ್ದಿಲ ಪುಡೀನೇ, ಔಷಧಿಗೆ ಅಂತ ಮಾಡಿರೋದು. ಹೊಟ್ಟೇಲಿರೋ ಮಾತ್ರೇನ ಹಿಡ್ಕೊಳ್ಳುತ್ತೆ, ರಕ್ತಕ್ಕೆ ಸೇರೋಕೆ ಬಿಡಲ್ಲ. ಮಗು ಎಚ್ಚರವಾಗಿದೆ, ಬೇಗ ಕುಡಿಸಿ ಅಮ್ಮ" ಅಂದಳು.

"ಕುಡಿಯವ್ವಾ, ನನ್ ಬಂಗಾರಾ" ಅಂದೆ. ಉಗಿದಳು. ಮತ್ತೆ ಹಿಡಿದೆ. ತುಟಿ ಬಿಗಿದಳು. ನನ್ನ ಸೀರೆ, ಅವಳ ಗಲ್ಲ, ಹಾಸಿಗೆ ಎಲ್ಲ ಕಪ್ಪು.

"ಸೆಲ್ವಮ್ಮ ಬೇಕು."

ನಾನು ಲೋಟ ಬಿಡಲಿಲ್ಲ.

"ಯಾರದು? ಕರೀರಿ" ಅಂದರು ಡಾಕ್ಟರು. "ಯಾರ ಕೈಲಿ ಕುಡಿದ್ರೂ ಸರಿ."

ಸೆಲ್ವಿ ಬಂದು ಲೋಟ ಹಿಡಿದು, ತನ್ನ ತಮಿಳು ಬೆರೆಸಿ ಮುದ್ದಿನಿಂದ ಕರೆದಳು. "ವಾಮ್ಮಾ ಕಣ್ಣು. ಒಂದೇ ಗುಟುಕು. ಆಮೇಲೆ ಕಾಗೆ ತರ ಕಪ್ಪು ಬಾಯಿ ತೋರ್ಸು."

ಮಗಳು ಕುಡಿದಳು. ಬಾಯಿ ತೆರೆದು ತೋರಿಸಿದಳು. ಮತ್ತೆ ಕುಡಿದಳು. ಗೋಡೆಗೊರಗಿ ನೋಡುತ್ತಿದ್ದ ನನಗೆ ಒಂದೊಂದು ಗುಟುಕಿಗೂ ಹೋದ ಜೀವ ಬರುತ್ತಿತ್ತು, ಒಂದೊಂದು ಗುಟುಕಿಗೂ ಹೊಟ್ಟೆ ಉರಿಯುತ್ತಿತ್ತು. ಹೆತ್ತವಳು ನಾನು. ದುಡಿಯಲು ಹೋಗುವುದೂ ಇವಳಿಗಾಗಿಯೇ. ಹೆದರಿದಾಗ ಇವಳಿಗೆ ಬೇಕಾದದ್ದು ಮಾತ್ರ ನನ್ನ ಕೈಯಲ್ಲ.

ವಾರ್ಡಿನಲ್ಲಿ ಎದೆಗೆ ಮಾನಿಟರ್ ಹಚ್ಚಿದರು. ಬಡಿತ ನಿಧಾನವಾಗಿದೆ, ಕಾದು ನೋಡೋಣ ಅಂದರು.

"ಅಕ್ಕಾ, ನೀವು ಪಕ್ಕ ಮಲಗಿ. ನಾನು ಆಚೆ ಇರ್ತೀನಿ" ಅಂದಳು ಸೆಲ್ವಿ.

ಬೇಡ, ಇಲ್ಲೇ ಇರು ಎನ್ನಲಿಲ್ಲ. ಅವಳು ಬಾಗಿಲು ದಾಟುವುದನ್ನೇ ಕಾದೆ.

ಬೆಳಿಗ್ಗೆ ಬಡಿತ ಸರಿಹೋಗಿತ್ತು. ಮಗು ಕಪ್ಪಗೆ ಕಕ್ಕಸು ಮಾಡಿತು. "ಹೆದರ್ಬೇಡಿ, ಇದ್ದಿಲು ಹೋಗ್ತಿದೆ" ಎಂದಳು ನರ್ಸು. ತೊಳೆಯುತ್ತಾ ನಾನು ಅತ್ತುಬಿಟ್ಟೆ. ಆಮೇಲೆ ಹೊರಗೆ ಹೋದೆ. ಸೆಲ್ವಿ ನೆಲದ ಮೇಲೆ ಕೂತೇ ನಿದ್ದೆಹೋಗಿದ್ದಳು.

"ಏಳು ಸೆಲ್ವಿ, ಕೂಸು ಕರೀಲಿಕ್ಕತ್ತದ" ಅಂದೆ.

ಮಗು ಕರೆದಿರಲಿಲ್ಲ. ನಾನೇ ಕರೆದೆ.

ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ನಾನು ಹೊರಟ ಕೂಡಲೇ ಮಗಳು ಸೆಲ್ವಿಯ ಸೊಂಟ ಏರುತ್ತಾಳೆ, ತಿರುಗಿಯೂ ನೋಡುವುದಿಲ್ಲ. ನನಗೆ ಚುರ್ರೆನ್ನುತ್ತದೆ. ಅನ್ನಲಿ. ಏರಲು ಮಗಳು ಉಳಿದಿದ್ದಾಳಲ್ಲ.